ರಾಯಚೂರು ಬಿಸಿಲಿಗೆ ಯಾವ ತಂಪು? ಕಸ್ಟರ್ಡ್, ಶ್ರೀಖಂಡ, ಸೀಕರಣಿ, ಚೈನಾ ಗ್ರಾಸ್ ನಾಲ್ಕೂ ಮಾಡಿ ನೋಡಿದೆ

ಮೇ ತಿಂಗಳಲ್ಲಿ ರಾಯಚೂರಿನಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತದೆ. ಮಧ್ಯಾಹ್ನ 42, 43 ಡಿಗ್ರಿ ಬಿಸಿಲು. ರೊಟ್ಟಿ ತಟ್ಟೆ ಮುಂದಿಟ್ಟರೂ ಮಕ್ಕಳು ಮುಟ್ಟುವುದಿಲ್ಲ, ತಣ್ಣಗೆ ಏನಾದರೂ ಕೊಡು ಅಂತಾರೆ. ಐಸ್‌ಕ್ರೀಂ ಕೊಟ್ಟರೆ ಹತ್ತು ನಿಮಿಷಕ್ಕೆ ಮತ್ತೆ ನೀರು ನೀರು ಅಂತ ಓಡುತ್ತಾರೆ. ಅದಕ್ಕೇ ಹೋದ ಬೇಸಿಗೆಯಲ್ಲಿ ಸಿಂಧನೂರಿನಿಂದ ನಾದಿನಿ ಮಕ್ಕಳು ರಜೆಗೆ ಬಂದಾಗ, ಹಣ್ಣಿನ ನಾಲ್ಕು ತಂಪು ತಿನಿಸುಗಳನ್ನು ಒಂದಾದ ಮೇಲೊಂದು ಮಾಡಿ ನೋಡಿದೆ. ನಾನು ನೋಡಿದ್ದು ಮೂರೇ ವಿಷಯ. ತಿಂದ ಮೇಲೆ ಹೊಟ್ಟೆ ಹಗುರ ಇರಬೇಕು. ಮತ್ತೆ ದಾಹ ಆಗಬಾರದು. ಕರೆಂಟ್ ಹೋದರೂ ಎರಡು ಮೂರು ತಾಸು ಕೆಡದೆ ನಿಲ್ಲಬೇಕು.

ಮೊದಲು ಕಸ್ಟರ್ಡ್. ಎಲ್ಲರ ಮನೆಯಲ್ಲೂ ಮಾಡುವಂಥದ್ದೇ. ಅರ್ಧ ಲೀಟರ್ ಹಾಲಿಗೆ 2 ಚಮಚ ಪುಡಿ, 4 ಚಮಚ ಸಕ್ಕರೆ. ಪುಡಿಯನ್ನು ತಣ್ಣನೆ ಹಾಲಲ್ಲಿ ಕಲಸಿಯೇ ಕುದಿಯುವ ಹಾಲಿಗೆ ಹಾಕಬೇಕು, ಇಲ್ಲದಿದ್ದರೆ ಗಂಟು. ಕಸ್ಟರ್ಡ್ ಪುಡಿ ಅಂದರೆ ಹೆಚ್ಚುಕಮ್ಮಿ ಮೆಕ್ಕೆಜೋಳದ ಪಿಷ್ಟ, ಜೊತೆಗೆ ಬಣ್ಣ ಮತ್ತು ವೆನಿಲಾ ವಾಸನೆ. ಆರಿದಂತೆ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೇ ಒಲೆಯ ಮೇಲೆ ತೆಳ್ಳಗಿದ್ದಾಗಲೇ ಇಳಿಸಿಬಿಡಿ. ಬಾಳೆ, ದ್ರಾಕ್ಷಿ, ದಾಳಿಂಬೆ ಹಾಕಿ ಕೊಟ್ಟೆ. ಮಕ್ಕಳು ಬಟ್ಟಲು ನೆಕ್ಕಿದರು. ಆದರೆ ಉಳಿದದ್ದನ್ನು ಸಂಜೆ ತೆಗೆದು ನೋಡಿದರೆ ಹಣ್ಣು ನೀರು ಬಿಟ್ಟಿತ್ತು, ಬಾಳೆ ಕಪ್ಪಾಗಿತ್ತು. ಮರುದಿನ ಅನಾನಸ್ ಹೋಳು ಹಾಕಿ ನೋಡಿದೆ. ಎರಡು ತಾಸಿಗೆ ಕಹಿ ಬಂತು, ಪೂರ್ತಿ ಚೆಲ್ಲಬೇಕಾಯಿತು. ಅನಾನಸ್‌ನಲ್ಲಿ ಹಾಲಿನ ಪ್ರೋಟೀನ್ ಒಡೆಯುವ ಕಿಣ್ವ ಇದೆ, ಪಪ್ಪಾಯಿಯಲ್ಲೂ ಅಂಥದ್ದೇ ಇನ್ನೊಂದಿದೆ. ಹಸಿಯಾಗಿ ಹಾಲಿಗೋ ಮೊಸರಿಗೋ ಹಾಕಿಡಬೇಡಿ. ಸಕ್ಕರೆ ಜೊತೆ ಐದು ನಿಮಿಷ ಕುದಿಸಿ, ಆರಿಸಿ ಹಾಕಿದರೆ ತೊಂದರೆ ಇಲ್ಲ.

ಶ್ರೀಖಂಡದ ರುಚಿಗೆ ಎದುರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ನಲ್ಲಿಗೆ ನೇತುಹಾಕಿದ್ದೆ. ನಾಲ್ಕು ತಾಸಿಗೆ ಹುಳಿ ಹುಳಿ. ನಮ್ಮ ಸೆಕೆಗೆ ಆ ಪದ್ಧತಿ ಆಗುವುದಿಲ್ಲ. ಜರಡಿಯ ಮೇಲೆ ಬಟ್ಟೆ ಹಾಸಿ, ಕೆಳಗೆ ಪಾತ್ರೆ ಇಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲೇ ಬಸಿಯಬೇಕು. ಒಂದು ಕೆಜಿ ಮೊಸರಿಗೆ ಅರ್ಧ ಕೆಜಿ ಹತ್ತಿರ ಗಟ್ಟಿ ಮೊಸರು ಸಿಕ್ಕಿತು. ಅದಕ್ಕೆ ಕೇಸರ್ ಮಾವಿನ ರಸ, ಸಕ್ಕರೆ, ಏಲಕ್ಕಿ. ಕೇಸರ್ ನಮಗೆ ದೂರದ್ದಲ್ಲ, ಪಕ್ಕದ ಕೊಪ್ಪಳದಲ್ಲೇ ಬೆಳೆಯುತ್ತಾರೆ. ತೋಟಗಾರಿಕೆ ಇಲಾಖೆಯವರು ಅಲ್ಲಿ ಮಾವು ಮೇಳ ಮಾಡಿದಾಗ ಘಮ ರಸ್ತೆವರೆಗೂ ಬರುತ್ತದೆ. ಎರಡು ಚಮಚ ತಿಂದರೆ ಸ್ವರ್ಗ. ಒಂದು ಬಟ್ಟಲು ತಿಂದರೆ ನಿದ್ದೆ. ಹಗುರ ಅಂತೂ ಅಲ್ಲವೇ ಅಲ್ಲ, ಪೂರಿ ಜೊತೆಗೆ ಇರಲಿ.

ಸೀಕರಣಿ ನನ್ನ ಬಾಲ್ಯದ ತಿನಿಸು. ಮಾವಿನ ಹಣ್ಣನ್ನು ಕೈಯಲ್ಲೇ ಹಿಂಡಿ, ಸಿಪ್ಪೆ ಗೊರಟ ಎಲ್ಲ ಚೆನ್ನಾಗಿ ಉಜ್ಜಿ, ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಏಲಕ್ಕಿ ಹಾಕಿ ಕಲಸುವುದು, ಅಷ್ಟೇ. ಮೊದಲೆಲ್ಲ ಫ್ರಿಜ್ ಎಲ್ಲಿತ್ತು? ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಗಡಿಗೆಯೊಳಗೆ ಸೀಕರಣಿ ಪಾತ್ರೆ ಇಟ್ಟು, ಮೇಲೆ ಹಸಿ ಬಟ್ಟೆ ಮುಚ್ಚುತ್ತಿದ್ದರು. ಹೋದ ವರ್ಷ ನಾನೂ ಹಾಗೇ ಇಟ್ಟು ನೋಡಿದೆ. ಒಂದೂವರೆ ತಾಸಿಗೆ ಪಾತ್ರೆ ಮುಟ್ಟಿದರೆ ಕೈಗೆ ತಂಪು ತಾಗಿತು. ನಮ್ಮ ಗಾಳಿ ಒಣ ಗಾಳಿ. ಗಡಿಗೆ ಮೇಲಿನ ಪಸೆ ಬೇಗ ಆರುತ್ತದೆ, ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕರಾವಳಿಯ ಬೆವರು ಸೆಕೆಯಲ್ಲಿ ಇಷ್ಟು ಚೆನ್ನಾಗಿ ಆಗುವುದಿಲ್ಲ. ಆದರೆ ಹಾಲು, ಮಾವು ಸೇರಿದ್ದು ಕಾಯುವುದಿಲ್ಲ, ಆವಾಗಿಂದಾವಾಗ ತಿಂದು ಮುಗಿಸಬೇಕು. ಅದೂ ಅಲ್ಲದೆ ಚಪಾತಿ, ಹೋಳಿಗೆ ಜೊತೆ ತಿಂದರೆ ಅದೇ ಒಂದು ಊಟ. ಊಟದ ಮೇಲೆ ತಿನ್ನುವಂಥದ್ದಲ್ಲ.

ಕೊನೆಗೆ ಚೈನಾ ಗ್ರಾಸ್, ಅಂದರೆ ಅಗರ್ ಅಗರ್, ನೀರಲ್ಲಿ ಕುದಿಸಿ ಆರಿಸಿದರೆ ಜೆಲ್ಲಿಯಂತೆ ಗಟ್ಟಿಯಾಗುವಂಥದ್ದು. ನನಗೆ ಇದರ ಮೇಲೆ ನಂಬಿಕೆಯೇ ಇರಲಿಲ್ಲ. ಮದುವೆ ಮನೆಗಳಲ್ಲಿ ತಿಂದ ರಬ್ಬರಿನಂಥ ತುಂಡುಗಳೇ ಕಣ್ಣ ಮುಂದೆ ಇದ್ದವು. ಮೊದಲ ಸಲ ಕೆಟ್ಟಿತು ಕೂಡ, ಕಡ್ಡಿ ಪೂರ್ತಿ ಕರಗದೆ ಬಾಯಿಗೆ ನಾರು ನಾರು ಸಿಕ್ಕಿತು. ಎರಡನೇ ಸಲ ಸಮಾಧಾನವಾಗಿ ಮಾಡಿದೆ. 10 ಗ್ರಾಂ ಚೈನಾ ಗ್ರಾಸ್ ಕತ್ತರಿಸಿ ಅರ್ಧ ಗಂಟೆ ನೆನೆಸಿದೆ. ಅರ್ಧ ಲೀಟರ್ ನೀರಲ್ಲಿ ಸಣ್ಣ ಉರಿಯಲ್ಲಿ ಕುದಿಸಿದೆ. ಚಮಚ ಎತ್ತಿ ಬೆಳಕಿಗೆ ಹಿಡಿದರೆ ಒಂದು ಎಳೆಯೂ ಕಾಣಬಾರದು, ಅಲ್ಲಿವರೆಗೆ. 4 ಚಮಚ ಸಕ್ಕರೆ ಹಾಕಿ ಸೋಸಿ, ಅರ್ಧ ಲೀಟರ್ ಎಳನೀರು ಬೆರೆಸಿದೆ. ಎಳನೀರು ಫ್ರಿಜ್ಜಿನಿಂದ ತೆಗೆದದ್ದಾಗಿರಬಾರದು, ತಣ್ಣನೆಯದು ಹಾಕಿದರೆ ಅಲ್ಲಲ್ಲೇ ಗಂಟು ಕಟ್ಟುತ್ತದೆ. ಎಳನೀರು ಕಾಯಿಯೊಳಗಿನ ಗಂಜಿಯನ್ನು ಸಣ್ಣಗೆ ಹೆಚ್ಚಿ, ಕುಷ್ಟಗಿ ಕಡೆಯ ದಾಳಿಂಬೆ ಕಾಳಿನ ಜೊತೆ ತಟ್ಟೆಗೆ ಉದುರಿಸಿ ಮೇಲೆ ಸುರಿದೆ.

ಬೇರೆ ಊರುಗಳಲ್ಲಿ ಇದು ಕಟ್ಟೆ ಮೇಲೆ ಇಟ್ಟರೂ ಗಟ್ಟಿಯಾಗುತ್ತದೆ, 35–40 ಡಿಗ್ರಿಗೆ ಇಳಿದರೆ ಸಾಕು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಕಟ್ಟೆಯೇ ಅಷ್ಟು ಬಿಸಿ! ಅದಕ್ಕೆ ಗಡಿಗೆ ನೀರು ತುಂಬಿದ ಪರಾತದಲ್ಲಿ ತಟ್ಟೆ ನಿಲ್ಲಿಸಿದೆ. ಅರ್ಧ ತಾಸಿಗೆ ನಡುಗುವಂತೆ ಗಟ್ಟಿಯಾಯಿತು. ಆಮೇಲೆ ಫ್ರಿಜ್ಜಿಗೆ. ಅವತ್ತೇ ಕರೆಂಟ್ ಹೋಯಿತು, ಬಂದದ್ದು ಮೂರು ತಾಸಿನ ಮೇಲೆ. ತಂಪು ಕಮ್ಮಿಯಾಗಿತ್ತು, ಆದರೆ ಒಂದು ತುಂಡೂ ಕರಗಿರಲಿಲ್ಲ. ಒಮ್ಮೆ ಗಟ್ಟಿಯಾದ ಚೈನಾ ಗ್ರಾಸ್ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಜೆಲಟಿನ್ ಆದರೆ 35 ಡಿಗ್ರಿಯ ಒಳಗೇ ನೀರಾಗುತ್ತದೆ, ಮೇಲಾಗಿ ಅದು ಪ್ರಾಣಿಗಳ ಮೂಳೆ ಚರ್ಮದ್ದು, ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ ಬರುತ್ತದೆ. ಇದಕ್ಕೆ ಅನಾನಸ್ ಹಸಿಯಾಗೇ ಹಾಕಬಹುದು, ಹಾಲಿಲ್ಲವಲ್ಲ, ಕಹಿಯ ಭಯ ಇಲ್ಲ. ನಿಂಬೆ ರಸ ಮಾತ್ರ ಜಾಸ್ತಿ ಹಿಂಡಬೇಡಿ, ಹುಳಿ ಹೆಚ್ಚಾದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಅತ್ತೆ ಸಿಹಿ ಅಂದರೆ ದೂರ. ಸಂಜೆ ನಾಲ್ಕಕ್ಕೆ ಒಂದು ತುಂಡು ಬಾಯಿಗಿಟ್ಟುಕೊಂಡು, "ಇದು ಚೊಲೋ ಅದ ನೋಡವಾ, ಬಾಯಿಗೂ ತಂಪು, ಹೊಟ್ಟಿಗೂ ಭಾರ ಇಲ್ಲ" ಅಂದರು. ತಿಂದ ಮೇಲೆ ಯಾರೂ ನೀರು ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಬಿಸಿಲ ದಿನದ ಹಗುರ ತಿನಿಸಿಗೆ ಇದೇ ಮೊದಲು. ಮಕ್ಕಳ ಓಟು ಇವತ್ತಿಗೂ ಕಸ್ಟರ್ಡ್‌ಗೇ, ಹುಟ್ಟುಹಬ್ಬಕ್ಕೆ ಅದನ್ನೇ ಮಾಡುತ್ತೇನೆ. ಕಾರಹುಣ್ಣಿಮೆಗೆ ಸೀಕರಣಿ ತಪ್ಪಿಸುವುದಿಲ್ಲ.

ಈ ಸಲ ಎಳನೀರಿನ ಜಾಗದಲ್ಲಿ ಕಲ್ಲಂಗಡಿ ರಸ ಹಾಕಿ ನೋಡುತ್ತೇನೆ. ರಸ ಕುದಿಸಿದರೆ ಹಸಿ ಘಮ ಹೋಗುತ್ತದೆ, ಹಾಗಾಗಿ ಚೈನಾ ಗ್ರಾಸ್ ನೀರಲ್ಲೇ ಕರಗಿಸಿ, ಒಲೆಯಿಂದ ಇಳಿಸಿದ ಮೇಲೆ ರಸ ಬೆರೆಸಬೇಕು. ಸಬ್ಜಾ ಬೀಜ ನೆನೆಸಿ ಅದರಲ್ಲೇ ಸೇರಿಸಿದರೆ, ಕಲ್ಲಂಗಡಿ ಬೀಜದ ಹಾಗೇ ಕಪ್ಪಗೆ ಕಾಣಬಹುದು, ಅಲ್ವಾ?