ಹಳೆಯ ಪುಟ್ಟ ಟ್ರ್ಯಾಕ್ಟರಿನಿಂದ ಹಾಡಿಯ ದಾರಿ: ಮೂರು ವರ್ಷಗಳ ಬಳಕೆಯ ಅನುಭವ

ಉಡುಪಿ ಜಿಲ್ಲೆಯ ಹಿರಿಯಡ್ಕದ ಸಮೀಪವಿರುವ ನಮ್ಮ ಜಾಗದಲ್ಲಿ ಮನೆಯಿಂದ ಮೇಲಿನ ಮದಗದವರೆಗೆ (ಕೆರೆಯವರೆಗೆ) ಹಾಡಿಯ, ಅಂದರೆ ಕಿರುಕಾಡಿನ, ನಡುವೆ ಸುಮಾರು 600 ಮೀಟರ್ ಉದ್ದದ ಕಾಲುದಾರಿಯೊಂದಿತ್ತು. ಸೊಪ್ಪು, ದರಗು (ಒಣ ಎಲೆ) ತರಲು ಹೋಗುವವರು ಕಡಿಮೆಯಾದ ಮೇಲೆ ಅದು ಲಂಟಾನ ಮತ್ತು ಕಮ್ಯುನಿಸ್ಟ್ ಗಿಡಗಳೆಂಬ ಕಳೆ ಪೊದೆಗಳ ಅಡಿಯಲ್ಲಿ ಮುಚ್ಚಿಹೋಯಿತು. ಅದನ್ನು ಮತ್ತೆ ತೆರೆಯಬೇಕೆಂದಾಗ ಎಲ್ಲರೂ ಕೊಟ್ಟ ಸಲಹೆ ಜೆಸಿಬಿ ಕರೆಸಿ ಎಂಬುದೇ ಆಗಿತ್ತು. ಆದರೆ ಏಳಡಿಗೂ ಮೀರಿದ ಬಕೆಟ್ ಇರುವ ಯಂತ್ರ ಒಳಗೆ ಬರಬೇಕಾದರೆ ಹತ್ತಡಿಯಾದರೂ ಜಾಗ ತೆರವಾಗಬೇಕು. ಅಷ್ಟು ಅಗಲಕ್ಕೆ ಬೋಗಿ, ಹೆಬ್ಬಲಸು, ಪುನರ್ಪುಳಿ ಮರಗಳನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಹಳೆಯದಾದ ಮಿತ್ಸುಬಿಷಿ ಶಕ್ತಿ ಪುಟ್ಟ ಟ್ರ್ಯಾಕ್ಟರೊಂದನ್ನು 1 ಲಕ್ಷ 20 ಸಾವಿರ ರೂಪಾಯಿಗೆ ಕೊಂಡು, ಅದರ ಹಿಂದೆ ನಾಲ್ಕೂವರೆ ಅಡಿಯ ಮಣ್ಣು ಸಮತಟ್ಟು ಮಾಡುವ ಬ್ಲೇಡು ಹಾಕಿಸಿದೆ. ಮೂರು ವರ್ಷ ಕೆಲಸ ಮಾಡಿಸಿದ ನಂತರ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಆರಂಭವಾಯಿತು. ಅದರ ಪವರ್ ಟಿಲ್ಲರ್ ನಮ್ಮ ಕರಾವಳಿಯ ಗದ್ದೆಗಳಲ್ಲಿ ಎಲ್ಲರೂ ಬಲ್ಲ ಯಂತ್ರ. ನನ್ನಲ್ಲಿರುವುದು ಅದೇ ಸಂಸ್ಥೆಯ ಮೂರು ಸಿಲಿಂಡರಿನ, ನಾಲ್ಕೂ ಚಕ್ರ ಎಳೆಯುವ, 18.5 ಅಶ್ವಶಕ್ತಿಯ ಡೀಸೆಲ್ ಟ್ರ್ಯಾಕ್ಟರು. ಅಮೆರಿಕದಲ್ಲಿ ಕಾಡುದಾರಿ ಮಾಡಲು ಮನೆಯಂಗಳದ ಕೆಲಸಕ್ಕೆಂದು ಮಾಡಿದ ಹಳೆಯ ಗಾರ್ಡನ್ ಟ್ರ್ಯಾಕ್ಟರುಗಳನ್ನು ಬಳಸುವವರು ಅನೇಕರಿದ್ದಾರೆ. 1961ರಲ್ಲಿ ಬಂದ ಕಬ್ ಕೆಡೆಟ್, 1963ರ ಜಾನ್ ಡೀರ್ 110 ಮುಂತಾದವನ್ನು ಅವರು ಇಂದಿಗೂ ದುಡಿಸುತ್ತಾರೆ. ಮೊದಲ ಕಬ್ ಕೆಡೆಟ್ ಏಳು ಅಶ್ವಶಕ್ತಿಯ ಒಂದೇ ಸಿಲಿಂಡರಿನ ಪೆಟ್ರೋಲ್ ಯಂತ್ರ, ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ಎಲೆಗೊಬ್ಬರದ ಮೆತ್ತನೆಯ ನೆಲಕ್ಕೆ ಅದು ಸಾಕಾಗಬಹುದು; ನಮ್ಮ ಮುರಕಲ್ಲಿನ (ಗಟ್ಟಿ ಕೆಂಪುಕಲ್ಲಿನ) ಗುಡ್ಡೆಗೆ ನಾಲ್ಕು ಚಕ್ರದ ಎಳೆತ ಬೇಕೇ ಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಯಂತ್ರದ ಅತಿ ದೊಡ್ಡ ಗುಣ ಅದರ ಅಗಲ. ನಾನು ಅಳೆದಂತೆ ಅದು ನಾಲ್ಕು ಅಡಿಯ ಆಸುಪಾಸಿನಲ್ಲಿದೆ. ಎರಡು ಮರಗಳ ನಡುವೆ ಐದಡಿ ಬಿಡುವಿದ್ದರೆ ಸಾಕು, ನುಸುಳಿಕೊಂಡು ಹೋಗುತ್ತದೆ. 600 ಮೀಟರ್ ದಾರಿಗಾಗಿ ನಾವು ಒಂದೇ ಒಂದು ದೊಡ್ಡ ಮರವನ್ನೂ ಕಡಿಯಲಿಲ್ಲ. ದಾರಿಯೇ ಮರಗಳನ್ನು ಬಳಸಿ ಹೋಯಿತು.

ಆದರೆ ಪೊದೆ ಕಡಿಯುವ ಕೆಲಸವನ್ನು ಟ್ರ್ಯಾಕ್ಟರಿನಿಂದ ನಿರೀಕ್ಷಿಸಬಾರದು. ಮೊದಲು ಬ್ರಷ್ ಕಟ್ಟರಿನಿಂದ ಸವರಿ, ಕತ್ತಿಯಿಂದ ದಪ್ಪ ಕಾಂಡಗಳನ್ನು ಕಡಿದು, ಲಂಟಾನದ ಬುಡಗಳಿಗೆ ಸರಪಳಿ ಸುತ್ತಿ ಟ್ರ್ಯಾಕ್ಟರಿನಿಂದ ಎಳೆಸಬೇಕು. ಸರಪಳಿಯನ್ನು ಹಿಂಬದಿಯ ಕೆಳಗಿನ ಕೊಕ್ಕೆಗೆ ಮಾತ್ರ ಹಾಕಬೇಕು. ಹಿಂದಿನ ಆಕ್ಸಲ್‌ಗಿಂತ ಮೇಲೆ ಎಲ್ಲಿ ಕಟ್ಟಿದರೂ, ಬುಡ ಅಲುಗದಿದ್ದಾಗ ಮುಂದಿನ ಚಕ್ರಗಳು ಮೇಲೆದ್ದು ಟ್ರ್ಯಾಕ್ಟರು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚಬಹುದು, ಅದೂ ಕ್ಲಚ್ ತುಳಿಯುವಷ್ಟು ಸಮಯವೂ ಸಿಗದಂತೆ.

ಇನ್ನು ಬ್ಲೇಡಿನ ಕೆಲಸ. ಬ್ಲೇಡನ್ನು ಪಿನ್ ತೆಗೆದು ಓರೆಯಾಗಿ ನಿಲ್ಲಿಸಿದರೆ ಕೆರೆದ ಮಣ್ಣು ಒಂದು ಪಕ್ಕಕ್ಕೆ ಜಾರುತ್ತದೆ. ಬ್ಲೇಡನ್ನು ಎತ್ತಿಳಿಸುವ ಬಲಗಡೆಯ ಲಿಫ್ಟ್ ರಾಡನ್ನು ಉದ್ದ-ಗಿಡ್ಡ ಮಾಡಿ ಬ್ಲೇಡಿನ ಒಂದು ತುದಿಯನ್ನು ತಗ್ಗಿಸಬಹುದು. ಈ ಎರಡು ಹೊಂದಾಣಿಕೆಗಳಲ್ಲೇ ದಾರಿಯ ಆಯುಷ್ಯವಿದೆ. ಮೊದಲ ವರ್ಷ ನಾನು ದಾರಿಯನ್ನು ತಟ್ಟೆಯಂತೆ ಸಮತಟ್ಟು ಮಾಡಿ, ಕೆರೆದ ಮಣ್ಣನ್ನು ಇಳಿಜಾರಿನ ಕಡೆಯ ಅಂಚಿನಲ್ಲಿ ಉದ್ದಕ್ಕೂ ದಂಡೆಯಾಗಿ ಬಿಟ್ಟೆ. ನೋಡಲು ಅಚ್ಚುಕಟ್ಟಾಗಿತ್ತು, ಜಾರದಂತೆ ಕಟ್ಟೆಯೂ ಆಯಿತೆಂದು ಸಮಾಧಾನಪಟ್ಟೆ. ನಮ್ಮ ಮನೆಯ ಕೆಲಸದಲ್ಲಿ ಬಹುಕಾಲದಿಂದ ಇರುವ ಹಿರಿಯರೊಬ್ಬರು ಮಾತ್ರ, "ಅಣ್ಣಾ, ನೀರು ಇಲ್ಲಿ ನಿಲ್ಲುವುದಿಲ್ಲ, ಆ ಹಲಸಿನ ಬುಡದವರೆಗೂ ದಾರಿಯಲ್ಲೇ ಬರುತ್ತದೆ ನೋಡಿ" ಎಂದಿದ್ದರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು. ಜೂನ್ ತಿಂಗಳ ಎರಡನೇ ವಾರದಲ್ಲಿ ಹೋಗಿ ನೋಡಿದಾಗ ಹೊರಹೋಗಲು ಜಾಗವಿಲ್ಲದ ನೀರು ದಾರಿಯನ್ನೇ ತೋಡು (ಹಳ್ಳ) ಮಾಡಿಕೊಂಡಿತ್ತು. ಹಲಸಿನ ಬುಡದ ಬಳಿ ಒಂದಡಿ ಆಳದ ಕೊರಕಲು, ಅದರ ತಳದಲ್ಲಿ ತೊಳೆದಿಟ್ಟಂತಹ ಜಲ್ಲಿ, ಬದಿಯಲ್ಲಿ ಬರಿಯ ಬೇರುಗಳು.

ಎರಡನೇ ವರ್ಷ ಆ ದಂಡೆಯನ್ನು ಪೂರ್ತಿ ಒಡೆದು, ದಾರಿಯ ಮೈಯನ್ನು ಇಳಿಜಾರಿನ ಕಡೆಗೆ ಸ್ವಲ್ಪ ವಾಲಿಸಿದೆವು. ನಾಲ್ಕೂವರೆ ಅಡಿ ಅಗಲಕ್ಕೆ ಎರಡೂವರೆಯಿಂದ ಮೂರು ಇಂಚು ಇಳಿತ, ಅಂದರೆ ಶೇಕಡಾ ಐದರಷ್ಟು. ಹಲಗೆಯ ಮೇಲೆ ರಸಮಟ್ಟವಿಟ್ಟು ಹತ್ತು ಹೆಜ್ಜೆಗೊಮ್ಮೆ ನೋಡಿದೆವು. ಏರು ಹೆಚ್ಚಿರುವಲ್ಲಿ ನೀರನ್ನು ಹೊರಗೆ ತಿರುಗಿಸಲು ಓರೆಯಾಗಿ ಅಡ್ಡ ಹುಣಿಗಳನ್ನು (ಮಣ್ಣಿನ ಬದುಗಳನ್ನು) ಹಾಕಿದೆವು. ಆ ಮಳೆಗಾಲ ದಾಟಿದ ಮೇಲೆ ದಾರಿಯ ಮೇಲೆ ಎಲೆಗಳು ಬಿದ್ದಲ್ಲೇ ಇದ್ದವು. ನೀರು ಅಡ್ಡ ಹಾದು ಹೋಗಿತ್ತೇ ಹೊರತು ಉದ್ದಕ್ಕೆ ಹರಿದಿರಲಿಲ್ಲ. ನನಗೆ ಆದ ಸಂತೋಷ ಹೇಳತೀರದು.

ಕೆಲಸಕ್ಕೆ ತಕ್ಕ ಕಾಲ ಮಳೆ ನಿಂತ ಮೇಲಿನ ನವೆಂಬರ್ ಮತ್ತು ಡಿಸೆಂಬರ್. ಆಗ ಮಣ್ಣಿನಲ್ಲಿ ಸ್ವಲ್ಪ ಪಸೆ ಇರುತ್ತದೆ, ಬ್ಲೇಡು ಅದನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಮಾರ್ಚ್ ಹೊತ್ತಿಗೆ ಅದೇ ನೆಲ ಬಿಸಿಲಿಗೆ ಕಲ್ಲಾಗಿ, ಬ್ಲೇಡು ಕೀರಲು ಸದ್ದು ಮಾಡುತ್ತಾ ಮೇಲೆಯೇ ಜಾರುತ್ತದೆ. ಪಿಕ್ಕಾಸಿನಲ್ಲಿ ಅಗೆದುಕೊಟ್ಟರೆ ಮಾತ್ರ ಮಣ್ಣು ಸರಿಯುತ್ತದೆ.

ಕೊರತೆಗಳನ್ನೂ ಹೇಳಬೇಕು. ಇಷ್ಟು ಗಿಡ್ಡ ಟ್ರ್ಯಾಕ್ಟರಿನ ಹಿಂದೆ ಬ್ಲೇಡು ಕಟ್ಟಿದಾಗ ಮುಂದಿನ ಚಕ್ರ ಒಂದು ಕಲ್ಲು ಹತ್ತಿದರೂ ಬ್ಲೇಡು ನೆಲಕ್ಕೆ ಕಚ್ಚುತ್ತದೆ, ಇಳಿದರೆ ಮೇಲೇಳುತ್ತದೆ. ಹೀಗಾಗಿ ದಾರಿಯ ಮೇಲೆ ಅಲೆಯಂತೆ ಉಬ್ಬುತಗ್ಗು ಮೂಡುತ್ತದೆ. ಐದಡಿ ಉದ್ದದ ಕಬ್ಬಿಣದ ಚಾನೆಲನ್ನು ಸರಪಳಿಯಲ್ಲಿ ಕಟ್ಟಿ ಎರಡು ಮೂರು ಸಲ ಎಳೆದಾಡಿದರೆ ಅದು ಸರಿಯಾಗುತ್ತದೆ. ಅದಕ್ಕಿಂತ ಗಂಭೀರವಾದುದು, ನನಗೆ ಸಿಕ್ಕಿದ ಹಳೆಯ ಗಾಡಿಗೆ ಮಗುಚಿದಾಗ ಚಾಲಕನನ್ನು ಕಾಪಾಡುವ ಚೌಕಟ್ಟು ಇರಲಿಲ್ಲ. ಆದ್ದರಿಂದ ಗುಡ್ಡೆಯ ಕಡಿದಾದ ಬದಿಯಲ್ಲಿ ಅಡ್ಡಲಾಗಿ ಓಡಿಸುವುದಿಲ್ಲ ಎಂದು ನಿಶ್ಚಯಿಸಿ, ಅಂಥ ಸುಮಾರು 80 ಮೀಟರ್ ಭಾಗವನ್ನು ಹಾರೆ, ಗುದ್ದಲಿಯಲ್ಲೇ ಮಾಡಿಸಿದೆ. ಹೆಚ್ಚು ಖರ್ಚಾಯಿತು; ಅದರ ಬಗ್ಗೆ ನನಗೆ ಬೇಸರವಿಲ್ಲ.

ಡೀಸೆಲ್ ಗಂಟೆಗೆ ಸುಮಾರು ಎರಡು ಲೀಟರ್ ಬೇಕಾಯಿತು. ಕೊಂಡ ಮೇಲೆ ಕ್ಲಚ್ ಪ್ಲೇಟು, ಮುಂದಿನ ಎರಡು ಟೈರು, ಹೈಡ್ರಾಲಿಕ್ ಸೀಲುಗಳಿಗಾಗಿ 38 ಸಾವಿರ ರೂಪಾಯಿ ಹೋಯಿತು. ಮಾರಿದವರು ಹೈಡ್ರಾಲಿಕ್ ಸರಿಯಿದೆ ಎಂದಿದ್ದರು; ಬ್ಲೇಡು ಎತ್ತಿ ಎಂಜಿನ್ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಅದು ತಾನಾಗಿ ನೆಲಕ್ಕಿಳಿಯುತ್ತಿತ್ತು. ಹಳೆಯ ಟ್ರ್ಯಾಕ್ಟರು ಕೊಳ್ಳುವವರು ಭಾರ ಎತ್ತಿಸಿಟ್ಟು, ಚಹಾ ಕುಡಿದು ಬಂದು ನೋಡಬೇಕು. ಬೆಳಿಗ್ಗೆ ತಣ್ಣಗಿರುವಾಗಲೇ ಚಾಲೂ ಮಾಡಿಸಿ ಹೊಗೆಯ ಬಣ್ಣ ಗಮನಿಸಬೇಕು, ಮುಂದಿನ ಆಕ್ಸಲಿನ ಎಣ್ಣೆ ಸೋರಿಕೆಯನ್ನು ಬಗ್ಗಿ ನೋಡಬೇಕು. ನೋಂದಣಿಗೆ 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣವಾಗಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ಮೊದಲೇ ಅಳೆಸಿಕೊಳ್ಳಿ. ಸ್ವಂತ ಜಮೀನಿಗೆ ತಾಗಿಕೊಂಡಿರುವ ಕುಮ್ಕಿ ಜಾಗ ಸರಕಾರದ್ದು, ಅಲ್ಲಿ ಬ್ಲೇಡು ಇಳಿಸಬಾರದೆಂದು ನಾನು ನನ್ನ ವರ್ಗ (ಸ್ವಂತ ಪಟ್ಟಾ) ಜಾಗದ ಗಡಿಕಲ್ಲಿನ ಬಳಿಯೇ ದಾರಿಯನ್ನು ತಿರುಗಿಸಿದ್ದೇನೆ.