ಪರ್ಡ್ಯೂ ಆನ್‌ಲೈನ್ ರೈಟಿಂಗ್ ಲ್ಯಾಬ್: ತರ್ಕದ ಪುಟಗಳು ಗಟ್ಟಿ, ಸಾಹಿತ್ಯದ ಪುಟ ತೆಳು

ಇಂಗ್ಲಿಷ್ ತರಗತಿಯ ವಾದ, ವಾಗ್ಮಿತೆ ಹಾಗೂ ಸಾಹಿತ್ಯ ವಿಶ್ಲೇಷಣೆಯ ಪರಿಭಾಷೆಯನ್ನು ಪರೀಕ್ಷೆಗೆ ಮುನ್ನ ಮನನ ಮಾಡಿಕೊಳ್ಳುವವರಿಗೆ ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ಈ ಉಚಿತ ಜಾಲತಾಣವನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಇದರ ಸತ್ವವಿರುವುದು ತರ್ಕದೋಷಗಳ ಪುಟದಲ್ಲಿ. ಪರಿಸರದ ಹೆಸರಿನಲ್ಲಿ ಹಮ್ಮರ್ ಎಂಬ ಭಾರಿ ಗಾತ್ರದ ವಾಹನಗಳನ್ನು ನಿಷೇಧಿಸಿದರೆ ಸರ್ಕಾರ ಕ್ರಮೇಣ ಎಲ್ಲ ಕಾರುಗಳನ್ನೂ ನಿಷೇಧಿಸುತ್ತದೆ ಎಂಬ ವಾದವನ್ನು ಮುಂದಿಟ್ಟು, ಬೇರೆ ಬೇರೆಯಾದ ಎರಡು ಸಂಗತಿಗಳನ್ನು ಅದು ಸಮೀಕರಿಸುವುದನ್ನು ಬಿಡಿಸಿ ತೋರಿಸುವುದರಿಂದ, ವಿದ್ಯಾರ್ಥಿಗಳು ಹೆಸರನ್ನು ಬಾಯಿಪಾಠ ಮಾಡುವ ಬದಲು ದೋಷವನ್ನೇ ಗುರುತಿಸಲು ಕಲಿಯುತ್ತಾರೆ. ಬೋಧನೆಯೆಂದರೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪುರಾವೆಯನ್ನು ಪ್ರತಿಪಾದನೆಗೆ ಬೆಸೆಯುವ ‘ವಾರಂಟ್’ ಎಂಬ, ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ ರೂಪಿಸಿದ ವಾದ ಮಾದರಿಯ ಕಠಿಣ ಪರಿಕಲ್ಪನೆಯೂ ಇಲ್ಲಿ ಸ್ಪಷ್ಟವಾಗುತ್ತದೆ. ಸಾಹಿತ್ಯ ಪದಗಳ ಪುಟದಲ್ಲಿ ಮಾತ್ರ ವ್ಯಾಖ್ಯಾನಗಳು ತೀರಾ ಸಂಕ್ಷಿಪ್ತವಾಗಿದ್ದು, ಅವನ್ನು ಕವಿತೆಯ ಸಾಲುಗಳಿಗೆ ಅನ್ವಯಿಸಿ ತೋರಿಸುವ ಶಿಕ್ಷಕರ ನೆರವು ಬೇಕೇ ಬೇಕು.