ಕಂಪನಿಯ ಎಲ್‌ಇಡಿ, ಅಂಗಡಿಯ ಎಲ್‌ಇಡಿ, ಹಳೆಯ ಹ್ಯಾಲೊಜನ್: ಹುಮನಾಬಾದ್ ರಸ್ತೆಯಲ್ಲಿ ನಾನು ಕಂಡದ್ದು

ಈ ಸಲ ಕಾರು ಕೊಳ್ಳುವಾಗ ಕಂಪನಿಯೇ ಅಳವಡಿಸಿದ ಎಲ್‌ಇಡಿ ಹೆಡ್‌ಲೈಟಿನ ಆಸೆಗೆ ಮೇಲಿನ ಮಾದರಿ ತೆಗೆದುಕೊಂಡೆ. 1,40,000 ರೂಪಾಯಿ ಹೆಚ್ಚಾಯಿತು. ಕೊಟ್ಟ ಹಣಕ್ಕೆ ನನಗೆ ಬೇಸರವಿಲ್ಲ.

ಮನೆ ಕಲಬುರಗಿಯಲ್ಲಿ, ಕೆಲಸ ಹುಮನಾಬಾದಿನಲ್ಲಿ. ವಾರಕ್ಕೆ ನಾಲ್ಕು ದಿನವಾದರೂ ಅಲ್ಲಿಂದ ಹೊರಡುವಾಗ ರಾತ್ರಿ ಎಂಟು ದಾಟಿರುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಬ್ಬು ತುಂಬಿದ ಎರಡೆರಡು ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರುಗಳು ಹೋಗುತ್ತಿರುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವಿಲ್ಲ. ರಿಫ್ಲೆಕ್ಟರ್ ಅಂಟಿಸಿದ್ದರೂ ಜೋತುಬಿದ್ದ ಸೋಗೆ ಅದನ್ನು ಮುಚ್ಚಿರುತ್ತದೆ. ಈ ರಸ್ತೆಯಲ್ಲಿ ನನಗೆ ಬೇಕಾದ ಬೆಳಕು ಯಾವುದು ಎಂದು ಕಂಡುಕೊಳ್ಳಲು ಮೂರು ವರ್ಷ ಹಿಡಿಯಿತು.

ಹಳೆಯ ಕಾರಿನಲ್ಲಿದ್ದದ್ದು 60/55 ವ್ಯಾಟಿನ ಎಚ್4 ಹ್ಯಾಲೊಜನ್, ಅಂದರೆ ದೂರದ ಹೈಬೀಮಿಗೂ ತಗ್ಗಿದ ಡಿಪ್ ಬೆಳಕಿಗೂ ಬೇರೆ ಬೇರೆ ತಂತಿಯಿರುವ ಒಂದೇ ಬಲ್ಬ್. ಅದರ ಹಳದಿ ಬೆಳಕಿಗೆ ಬೇಸತ್ತು, 3,200 ರೂಪಾಯಿಗೆ ಅದೇ ಹೋಲ್ಡರಿನಲ್ಲಿ ಕೂರುವ ಎಲ್‌ಇಡಿ ಬಲ್ಬುಗಳನ್ನು ಹಾಕಿಸಿದೆ. ಮೊದಲ ರಾತ್ರಿ ರಸ್ತೆಯ ತುಂಬ ಹಾಲು ಚೆಲ್ಲಿದಂತೆ ಕಂಡು ಹಿಗ್ಗಿದೆ. ಕಮಲಾಪುರ ಬರುವುದರೊಳಗೆ ಎದುರಿನ ಲಾರಿಯವರು ಒಬ್ಬರಾದ ಮೇಲೊಬ್ಬರು ಡಿಪ್ಪರ್ ಹೊಡೆದರು. ನಾನು ಡಿಪ್‌ನಲ್ಲೇ ಇದ್ದೆ.

ಆ ಬಲ್ಬಿನ ನಿಜವಾದ ಕಾಟ ಇದ್ದದ್ದು ಅದರ ಬೆನ್ನಿನಲ್ಲಿ. ಎಲ್‌ಇಡಿ ಬಿಸಿಯಾಗುತ್ತದೆ, ಹಾಗಾಗಿ ಹಿಂಬದಿಗೆ ಒಂದು ಸಣ್ಣ ಫ್ಯಾನ್ ಇರುತ್ತದೆ. ಫ್ಯಾನ್ ಇದ್ದರೆ ಹೆಡ್‌ಲೈಟಿನ ಹಿಂದಿನ ರಬ್ಬರ್ ಮುಚ್ಚಳ ಕೂರುವುದಿಲ್ಲ. ಹಾಕಿಕೊಟ್ಟವರು ಬ್ಲೇಡಿನಿಂದ ರಬ್ಬರಿನ ನಡುವೆ ದುಂಡಗೆ ಕತ್ತರಿಸಿ, "ಏನೂ ಆಗುವುದಿಲ್ಲ ಸರ್" ಎಂದರು. ನಾನೂ ಒಪ್ಪಿದೆ.

ನಮ್ಮ ಕಡೆಯ ದೂಳು ಗೊತ್ತಲ್ಲ. ಬೇಸಿಗೆಯಲ್ಲಿ ಎರೆಮಣ್ಣು, ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು. ಎಂಟನೆಯ ತಿಂಗಳಿಗೆ ಎಡಗಡೆಯ ದೀಪ ಹೊರಟ ಅರ್ಧ ಗಂಟೆಗೆಲ್ಲ ಮಂಕಾಗತೊಡಗಿತು. ಬಾನೆಟ್ ಎತ್ತಿ ಬಲ್ಬ್ ಬಿಚ್ಚಿದರೆ ಫ್ಯಾನಿನ ರೆಕ್ಕೆಗಳಿಗೆ ಹೊಟ್ಟೂ ಮಣ್ಣೂ ಸೇರಿ ಕಂಬಳಿಯಂತೆ ಮೆತ್ತಿಕೊಂಡಿತ್ತು. ಬೆರಳಿನಿಂದ ತಿರುಗಿಸಿದರೂ ತಿರುಗಲಿಲ್ಲ. ಬಿಸಿ ಹೊರಹೋಗದೆ ಬಲ್ಬ್ ತಾನೇ ಬೆಳಕು ತಗ್ಗಿಸಿಕೊಳ್ಳುತ್ತಿತ್ತು. ಒಳಗಿನ ಬೋಗುಣಿಯಂಥ ರಿಫ್ಲೆಕ್ಟರಿನ ಮೇಲೂ ದೂಳು ಕೂತಿತ್ತು. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದೆ. ದೂಳಿನ ಜೊತೆಗೆ ಬೆಳ್ಳಿಯಂಥ ಲೇಪವೂ ಬಟ್ಟೆಗೆ ಬಂತು.

ಅಲ್ಲಿಗೆ ಹಳೆಯ ಹ್ಯಾಲೊಜನ್ನಿಗೆ ಮರಳುವ ದಾರಿಯೂ ಮುಚ್ಚಿತು. ಅದನ್ನೇ ಮತ್ತೆ ಹಾಕಿದರೂ ಬೆಳಕು ಮೊದಲಿನಷ್ಟು ಬರಲಿಲ್ಲ. ಕೊನೆಗೆ ಎರಡೂ ಬದಿಯ ಹೆಡ್‌ಲೈಟನ್ನು ಇಡಿಯಾಗಿ ಬದಲಿಸಲು 9,600 ರೂಪಾಯಿ ತೆತ್ತೆ. ಕತ್ತರಿಸಿದ ಆ ರಬ್ಬರಿನ ತುಂಡಿನ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೊಸ ಕಾರು ಬಂದ ವಾರ, ಹಳೆಯದನ್ನು ಮಾರುವ ಮೊದಲು, ಮೂರನ್ನೂ ಕಾಂಪೌಂಡ್ ಗೋಡೆಯ ಮೇಲೆ ನೋಡಿದೆ. ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಹೆಡ್‌ಲೈಟಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಹಳೆಯ ಕಾರಿನ ಎಡಕ್ಕೆ ಹ್ಯಾಲೊಜನ್, ಬಲಕ್ಕೆ ಫ್ಯಾನ್ ಸ್ವಚ್ಛ ಮಾಡಿದ ಅದೇ ಅಂಗಡಿಯ ಎಲ್‌ಇಡಿ. ಹ್ಯಾಲೊಜನ್ ಬೆಳಕು ಗೆರೆಯ ಕೆಳಗೇ ನಿಂತು, ಎಡತುದಿಯಲ್ಲಿ ಮಾತ್ರ ಓರೆಯಾಗಿ ಮೇಲೇರಿತು. ಎಲ್‌ಇಡಿಯದು ಗೆರೆಯ ಮೇಲೂ ತೇಪೆ ತೇಪೆಯಾಗಿ ಹರಡಿತು. ಲಾರಿಯವರ ಕಣ್ಣಿಗೆ ಹೊಡೆದದ್ದು ಈ ತೇಪೆಗಳೇ. ಎಚ್4 ಬಲ್ಬಿನ ಡಿಪ್ ತಂತಿ ನೂಲಿನಷ್ಟು ಸಣ್ಣದು, ಅದರ ಕೆಳಗೆ ಬೆಳಕನ್ನು ತಡೆಯುವ ಪುಟ್ಟ ಲೋಹದ ಬಟ್ಟಲು. ರಿಫ್ಲೆಕ್ಟರಿನ ಬಾಗು ಇರುವುದು ಆ ಲೆಕ್ಕಕ್ಕೆ. ಬೇರೆ ಆಕಾರದ ಬಲ್ಬ್ ತುರುಕಿದರೆ ಲೆಕ್ಕ ತಪ್ಪುತ್ತದೆ.

ಹೊಸ ಕಾರಿನ ಬೆಳಕು ಸ್ಕೇಲ್ ಇಟ್ಟು ಗೀಚಿದಂತೆ ಇತ್ತು. ಮೇಲೆ ಕತ್ತಲೆ, ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ರಸ್ತೆಯಲ್ಲಿ ಇದರ ಲಾಭ ತಿಳಿಯುವುದು ಎಡ ಅಂಚಿನಲ್ಲಿ. ಬಿಳಿ ಗೆರೆ, ಅದರಾಚೆಯ ಮಣ್ಣು, ಕೆಟ್ಟು ನಿಂತ ಟ್ರೇಲರಿನ ಗಾಲಿ, ಎಲ್ಲವೂ ಬ್ರೇಕ್ ಒತ್ತಲು ಸಮಯವಿರುವಾಗಲೇ ಕಾಣುತ್ತವೆ. ಎದುರಿನವರು ಡಿಪ್ಪರ್ ಹೊಡೆಯುವುದೂ ನಿಂತಿದೆ.

ಮಳೆಯಲ್ಲಿ ಮಾತ್ರ ಹ್ಯಾಲೊಜನ್ನಿನ ಹಳದಿಯೇ ನನ್ನ ಕಣ್ಣಿಗೆ ಹಿತ. ಒದ್ದೆ ಡಾಂಬರಿನ ಮೇಲೆ ಬಿಳಿ ಬೆಳಕು ಇಂಗಿಹೋದಂತೆ ಅನಿಸುತ್ತದೆ. ಇನ್ನು, ಕಂಪನಿಯ ಎಲ್‌ಇಡಿ ಒಡೆದರೆ ಬಲ್ಬ್ ಬದಲಿಸಿ ಮುಗಿಸುವಂತಿಲ್ಲ. ಒಂದು ಬದಿಗೇ 31,000 ರೂಪಾಯಿ ಎಂದಿದ್ದಾರೆ. ಅದಕ್ಕಾಗಿಯೇ, ಬಿಡಿಭಾಗ ಹಳತಾಯಿತೆಂದು ಪರಿಹಾರದಲ್ಲಿ ಹಣ ಕಡಿತ ಮಾಡದ ಜೀರೊ ಡೆಪ್ ವಿಮೆ ಮಾಡಿಸಿದೆ.

ಹೆಚ್ಚು ಕೊಟ್ಟ ಹಣದಲ್ಲಿ ಸನ್‌ರೂಫ್ ಕೂಡ ಬಂತು. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಡವೇ ಬೇಡ, ಆದರೆ ದೀಪವನ್ನಷ್ಟೇ ಬೇರೆಯಾಗಿ ಕೊಡುವುದಿಲ್ಲ. ಶೇ 9ರ ಬಡ್ಡಿಯ ಐದು ವರ್ಷದ ಸಾಲದಲ್ಲಿ ತಿಂಗಳ ಕಂತು ಸುಮಾರು 2,900 ರೂಪಾಯಿ ಏರಿತು. ಮಹಡಿಯ ಕೋಣೆಗೆ ಎಸಿ ಹಾಕಿಸುವುದನ್ನು ಮುಂದಿನ ಬೇಸಿಗೆಗೆ ತಳ್ಳಿದ್ದೇನೆ.

ತಮ್ಮನಿಗೆ ಮಾತ್ರ ಹ್ಯಾಲೊಜನ್ ಇರುವ ಮಾದರಿಯನ್ನೇ ಕೊಳ್ಳಲು ಹೇಳಿದೆ. ಅವನ ಓಡಾಟವೆಲ್ಲ ಶಹರದೊಳಗೆ, ಬೀದಿದೀಪಗಳ ಕೆಳಗೆ. ಕಳೆದ ಭಾನುವಾರ ಅವನ ಕಾರನ್ನೂ ಅದೇ ಗೋಡೆಯ ಮುಂದೆ ನಿಲ್ಲಿಸಿದೆವು. ಬಲಗಡೆಯ ದೀಪ ಗೆರೆಗಿಂತ ಅಂಗೈಯಷ್ಟು ಮೇಲಿತ್ತು. ಅವನು ಗೋಡೆಯ ಬಳಿ ನಿಂತು "ಇನ್ನೂ ಇಳಿಸು ಅಣ್ಣ, ಇನ್ನೂ ಸ್ವಲ್ಪ" ಎನ್ನುತ್ತಿದ್ದ, ನಾನು ಹಿಂದಿನ ತಿರುಪನ್ನು ತಿರುಗಿಸುತ್ತಿದ್ದೆ. ಬೆಳಕು ಗೆರೆಯಿಂದ 10 ಸೆಂಟಿಮೀಟರ್ ಕೆಳಕ್ಕೆ ಬಂದಾಗ ನಿಲ್ಲಿಸಿದೆವು.